ಮಣಿ ಕೂತ ಬಂಡೆಗಳು

ಹೋದ ತಿಂಗಳು ಒಂದು ರಾತ್ರಿ ನನ್ನ ಫೋನಿಗೆ ಒಂದರ ಹಿಂದೊಂದು ಫೋಟೊಗಳು ಬರತೊಡಗಿದವು. ಕಳಿಸುತ್ತಿದ್ದವಳು ನನ್ನ ಹಳೆಯ ಫೋರ್‌ಮನ್ನರ ಮೊಮ್ಮಗಳು. ಮನೆ ಖಾಲಿ ಮಾಡುವಾಗ ತಾತನ ಟ್ರಂಕಿನಲ್ಲಿ ನೆಗೆಟಿವ್ ಸುರುಳಿಗಳು ಸಿಕ್ಕವಂತೆ, ಸ್ಕ್ಯಾನ್ ಮಾಡಿಸಿದ್ದಾಳೆ. ಬೆಟ್ಟ, ಮೋಡ, ಹೂವು, ಮತ್ತೆ ಬೆಟ್ಟ. ನಡುನಡುವೆ ಒಂದು ಕಂದು ನಾಯಿ. ಕೊನೆಗೆ ಅವಳ ಪ್ರಶ್ನೆ: ‘ಅಂಕಲ್, ಇವೆಲ್ಲ ಯಾವ ಜಾಗ? ತಾತ ಎಲ್ಲೂ ಬರೆದಿಟ್ಟಿಲ್ಲ.’

ಒಂದೊಂದನ್ನೂ ಹಿಗ್ಗಿಸಿ ನೋಡುತ್ತಾ ಕೂತೆ. ಬೆಟ್ಟದ ಚಿತ್ರಗಳು ಇವತ್ತಿಗೂ ಚೆಂದ. ಆದರೆ ಅವು ಯಾವ ಬೆಟ್ಟಗಳೆಂದು, ತೆಗೆಯುವಾಗ ಪಕ್ಕದಲ್ಲೇ ನಿಂತಿದ್ದ ನನಗೇ ಬಹುಪಾಲು ತಿಳಿಯಲಿಲ್ಲ. ಬಂಡೆಯ ಬೆನ್ನು, ಆಕಾಶ, ಮಂಜು, ಅಷ್ಟೇ, ಎಲ್ಲಿಯದಾದರೂ ಆಗಬಹುದು. ನಾಯಿ ಇರುವ ಚಿತ್ರಗಳನ್ನು ಮಾತ್ರ ನೋಡುತ್ತಲೇ ಗುರುತಿಸಿದೆ. ಯಾಕೆ ಹಾಗೆ ಎಂದು ಹೇಳಬೇಕಾದರೆ ಜಿಗಣಿಯಿಂದ ಶುರು ಮಾಡಬೇಕು.

ನಾನು ಚಂದಾಪುರದವನು. ಹೊಸೂರು ರಸ್ತೆ ಬಿಟ್ಟು ಆನೇಕಲ್ ಕಡೆಗೆ ಹೊರಳುವ ಸರ್ಕಲ್ಲಿನಿಂದ ಕೂಗಳತೆಯಲ್ಲಿ ನಮ್ಮ ಮನೆ. ತೊಂಬತ್ತರ ದಶಕದಲ್ಲಿ ಸರ್ಕಲ್ಲು ದಾಟಿದರೆ ರಾಗಿ ಹೊಲ, ಅವರೆ ಸಾಲು, ಬದುವಿನ ಮೇಲೆ ಹೊಂಗೆ ಮರ. ಬೊಮ್ಮಸಂದ್ರದ ಕಾರ್ಖಾನೆಗಳ ಸೈರನ್ ಕೇಳಿ ನಮ್ಮಮ್ಮ ಒಲೆ ಹಚ್ಚುತ್ತಿದ್ದಳು. ಐಟಿಐ ಮುಗಿಸಿದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಜಿಗಣಿಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು, ಕುಪ್ಪಂ ಕಡೆಯ ಹಸಿರುಕಲ್ಲು ದೊಡ್ಡ ದೊಡ್ಡ ಬ್ಲಾಕುಗಳಾಗಿ ಲಾರಿಯಲ್ಲಿ ಬಂದಿಳಿಯುತ್ತಿದ್ದವು. ಗ್ಯಾಂಗ್‌ಸಾ ಯಂತ್ರದ ಉಕ್ಕಿನ ಪಟ್ಟಿಗಳು ಹಗಲೂ ರಾತ್ರಿ ಹಿಂದೆ ಮುಂದೆ ತೂಗುತ್ತಾ, ಸುಣ್ಣ ಮತ್ತು ಉಕ್ಕಿನ ಹರಳು ಬೆರೆತ ಕೆಸರಿನಲ್ಲಿ ಕಲ್ಲನ್ನು ತೇಯುತ್ತಾ ಇಳಿಯುತ್ತಿದ್ದವು. ಒಂದು ಬ್ಲಾಕು ಸ್ಲ್ಯಾಬುಗಳಾಗಲು ದಿನಗಟ್ಟಲೆ ಬೇಕು. ಅಲ್ಲಿಂದ ಪಾಲಿಶ್ ಲೈನು, ಅದು ನನ್ನ ಜಾಗ. ಇಡೀ ವಾರ ಬೆಟ್ಟಗಳು ನನ್ನ ಕೈಕೆಳಗೆ ಹಾದುಹೋಗುತ್ತಿದ್ದವು, ಇಪ್ಪತ್ತು ಮಿಲಿಮೀಟರ್ ದಪ್ಪದಲ್ಲಿ.

ಫೋರ್‌ಮನ್ ಕೋಲಾರ ಚಿನ್ನದ ಗಣಿಯಿಂದ ಬಂದವರು. ಗಣಿ ಕುಂಟತೊಡಗಿದಾಗ ಸ್ವಯಂ ನಿವೃತ್ತಿ ಪಡೆದು, ಚಂದಾಪುರದಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದರು. ಮನೆಮಾತು ತಮಿಳು, ನಮ್ಮೊಂದಿಗೆ ಕೋಲಾರದ ಕನ್ನಡ. ನಾವು ‘ಸಾರ್’ ಎನ್ನುತ್ತಿದ್ದೆವು, ಅವರು ನಮ್ಮೆಲ್ಲರನ್ನೂ ‘ತಂಬಿ’ ಎನ್ನುತ್ತಿದ್ದರು. ಅವರ ಬಳಿ ಒಂದು ಪೆಂಟಾಕ್ಸ್ ಕೆ 1000 ಕ್ಯಾಮೆರಾ ಇತ್ತು. ಬೆಳಕಿನ ಅಳತೆಯ ಮುಳ್ಳಿಗೊಂದು ಪುಟ್ಟ ಸೆಲ್ ಬಿಟ್ಟರೆ ಪೂರ್ತಿ ಯಂತ್ರ, ಸೆಲ್ ಸತ್ತರೂ ಫೋಟೊ ತೆಗೆಯುತ್ತದೆ. ಗಣಿಯಲ್ಲಿದ್ದಾಗ ಯಾರೋ ಮೇಲಧಿಕಾರಿಯಿಂದ ಕೊಂಡದ್ದಂತೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ತೆಗೆದ ಹಕ್ಕಿಗಳ ಚಿತ್ರ ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸುತ್ತಿದ್ದರು.

ಮಣಿ ಯಾರದೂ ಆಗಿರಲಿಲ್ಲ, ಕಾರ್ಖಾನೆ ಗೇಟಿನ ನಾಯಿ. ಸೆಕ್ಯೂರಿಟಿಯವರು ಹಾಕುತ್ತಿದ್ದ ಅನ್ನ ತಿಂದು ಸ್ಲರಿ ಗುಂಡಿಯ ಪಕ್ಕದಲ್ಲಿ ಮಲಗಿ ಸದಾ ಬೂದುಬಣ್ಣ ಬಳಿದುಕೊಂಡಿರುತ್ತಿತ್ತು. ಸಾರ್ ಅದನ್ನು ಮನೆಗೆ ಒಯ್ದು ತೊಳೆದ ಮೇಲೆಯೇ ಅದರ ಬಣ್ಣ ಕಂದು ಎಂದು ನಮಗೆಲ್ಲ ತಿಳಿದದ್ದು.

ಸಾರ್, ಮಣಿ, ನಾನು ಫೋಟೊಗಾಗಿ ಬೆಟ್ಟ ಸುತ್ತುವ ಭಾನುವಾರಗಳು ಹೀಗೆ ಶುರುವಾದವು. ಹತ್ತಿರದ ಜಾಗಗಳಿಗೆ, ಅಂದರೆ ಆನೇಕಲ್ಲಿನಾಚೆ ಮುತ್ಯಾಲಮಡುವಿಗೋ ತಳಿ ರಸ್ತೆಯ ಗುಡ್ಡಗಳಿಗೋ, ಅವರ ಟಿವಿಎಸ್ ಮೊಪೆಡ್ಡಿನಲ್ಲಿ. ಮುಂದಿನ ಕಾಲಿಡುವ ಜಾಗದಲ್ಲಿ ಗೋಣಿಚೀಲ ಹಾಸಿ ಮಣಿಯನ್ನು ಕೂರಿಸುತ್ತಿದ್ದರು. ದೂರಕ್ಕಾದರೆ ಲಾರಿ. ಬ್ಲಾಕು ಇಳಿಸಿ ಶನಿವಾರ ರಾತ್ರಿ ಖಾಲಿ ಮರಳುವ ಲಾರಿಗಳ ಡ್ರೈವರುಗಳೆಲ್ಲ ಪರಿಚಯದವರು. ಹಾರೋಹಳ್ಳಿ ಮೇಲೆ ಕನಕಪುರಕ್ಕೆ ಒಬ್ಬ, ಹೊಸೂರು ದಾಟಿ ರಾಯಕೋಟೆ ಕಡೆಗೆ ಇನ್ನೊಬ್ಬ. ಬಸ್ಸಿಗೆ ನಾಯಿ ಹತ್ತಿಸಿಕೊಳ್ಳುತ್ತಿರಲಿಲ್ಲ, ಲಾರಿಯ ಹಿಂಬದಿಗೆ ಯಾವ ತಕರಾರೂ ಇರಲಿಲ್ಲ. ಕಲ್ಲಿನ ಪುಡಿ ಮೆತ್ತಿದ ಹಲಗೆಗಳ ಮೇಲೆ ಕಂಬಳಿ ಹೊದ್ದು, ಮಣಿಯನ್ನು ನಡುವೆ ಹಾಕಿಕೊಂಡು ಹೋಗುತ್ತಿದ್ದೆವು. ಕಬ್ಬಾಳದುರ್ಗ, ರಾಯಕೋಟೆಯ ಕೋಟೆಬೆಟ್ಟ, ಸಾವನದುರ್ಗದ ಕರಿಗುಡ್ಡ, ಎಲ್ಲವೂ ಬೆಳಗ್ಗೆ ಹತ್ತಿ ಸಂಜೆಗೆ ಇಳಿಯುವಂಥವು.

ಬೆಟ್ಟವೆಂದರೆ ಶಿಖರ ಎಂದುಕೊಂಡಿದ್ದವನು ನಾನು. ಒಂದೇ ಉಸಿರಿಗೆ ಮೇಲೆ ತಲುಪಿ ಮೈಲಿಗಟ್ಟಲೆ ನೋಡುವುದು. ಸಾರ್‌ಗೆ ಅದು ಆಗುತ್ತಿರಲಿಲ್ಲ. ಅರ್ಧ ಫರ್ಲಾಂಗು ಹತ್ತುವಷ್ಟರಲ್ಲಿ ನಿಲ್ಲುತ್ತಿದ್ದರು, ಕೆಮ್ಮುತ್ತಿದ್ದರು, ಬಂಡೆಯ ಮೇಲೆ ಕೂರುತ್ತಿದ್ದರು. ಗಣಿಯೊಳಗೆ ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಗಾಯ ಮಾಡಿ ಉಳಿದುಬಿಡುತ್ತದೆ. ಸಿಲಿಕೋಸಿಸ್ ಎಂಬ ಆ ರೋಗವನ್ನು ಕೋಲಾರದ ಗಣಿಕಾಲೊನಿಗಳ ಮನೆಮನೆಯೂ ಬಲ್ಲದು. ಒಮ್ಮೆ ಬಂದರೆ ವಾಸಿಯಾಗುವುದಲ್ಲ. ಹಾಗೆ ಕೂತಾಗ ಮಣಿ ಬಂದು ಪಕ್ಕದಲ್ಲಿ ಮಲಗುತ್ತಿತ್ತು. ಸಾರ್ ಉಸಿರು ಸರಿಹೋಗುವ ತನಕ ಸುತ್ತಲಿನ ನೆಲವನ್ನೇ ನೋಡುತ್ತಿದ್ದರು. ‘ತಂಬಿ, ಇಲ್ಲಿ ಬಾ’ ಎಂಬ ಕರೆ ಬರುತ್ತಿದ್ದುದು ಆಗಲೇ.

ಅವರು ತೋರಿಸಿದ್ದು ನಾನು ತುಳಿದುಕೊಂಡು ಹೋದದ್ದನ್ನು. ಗರಿಕೆಯ ನಡುವೆ ಶರ್ಟಿನ ಗುಂಡಿಗಿಂತ ಚಿಕ್ಕ ನೀಲಿ ಹೂವು, ವಿಷ್ಣುಕ್ರಾಂತಿ. ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುರಿಕೊಳ್ಳುವುದರಿಂದ ಹತ್ತುವಾಗಲೇ ತೆಗೆಯಬೇಕು, ಇಳಿಯುವಾಗ ಇರುವುದಿಲ್ಲ. ಪೊದೆಯ ಮೇಲೆ ಹಬ್ಬಿ, ಎಲೆಯ ತುದಿಯನ್ನೇ ಕುಡಿಬಳ್ಳಿ ಮಾಡಿಕೊಂಡು ಮೇಲೇರುವ ಗೌರಿ ಹೂವು. ಹಬ್ಬದ ಆಸುಪಾಸಿನಲ್ಲಿ ಹಳದಿಯಾಗಿ ಅರಳಿ ದಿನ ಕಳೆದಂತೆ ಕೆಂಪಗಾಗುತ್ತದೆ, ಅದರ ಗೆಡ್ಡೆ ಕಡುವಿಷ. ತಂಗಡಿ, ತುಂಬೆ, ಅಣ್ಣೆ. ಇವೆಲ್ಲ ನಮ್ಮ ಹೊಲದ ಬದುವಿನಲ್ಲೂ ಇದ್ದವು, ಯಾರೂ ಫೋಟೊ ತೆಗೆಯುವ ವಸ್ತುವೆಂದು ಎಣಿಸಿರಲಿಲ್ಲ.

ನನ್ನನ್ನು ಪೂರ್ತಿ ಹಿಡಿದು ನಿಲ್ಲಿಸಿದ್ದು ಹಾಸುಬಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಬಿರುಕುಗಳಿಂದ ಜಿನುಗುವ ನೀರು ಬಂಡೆಯ ಮೇಲೆ ಒಂದು ತೆಳು ಪದರವಾಗಿ ಹರಿಯುತ್ತದೆ. ಬೆರಳ ದಪ್ಪಕ್ಕೂ ಮಣ್ಣಿಲ್ಲ. ಮಣ್ಣೇ ಇಲ್ಲದ ಮೇಲೆ ಸಾರಜನಕ ಎಲ್ಲಿಂದ ಬರಬೇಕು? ಅದಕ್ಕೇ ಅಲ್ಲಿ ಹುಳ ಹಿಡಿಯುವ ಗಿಡಗಳು ಬದುಕುತ್ತವೆ. ಡ್ರೊಸೆರದ ಎಲೆಗಳ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೂ ಅಂಟಿನ ಹನಿ. ಇಬ್ಬನಿ ಎಂದು ಬಂದ ಸೊಳ್ಳೆ ಅಲ್ಲೇ ಉಳಿಯುತ್ತದೆ. ಯುಟ್ರಿಕ್ಯುಲೇರಿಯ ಇನ್ನೂ ಚಿಕ್ಕದು. ಕಡ್ಡಿಯಂಥ ಕಾಂಡದ ಮೇಲೆ ನೇರಳೆ ಹೂವು, ಕೆಳಗೆ ಕೆಸರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು. ಜೀವಾಣು ತಗುಲಿದ ಕ್ಷಣ ಚೀಲದ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆಳೆದುಕೊಳ್ಳುತ್ತದೆ. ಕೆಲವು ವಾರ ಬಂಡೆ ಪೂರ್ತಿ ನೇರಳೆ. ಆಮೇಲೆ ನೀರು ನಿಂತರೆ ಮತ್ತೆ ಬರಿ ಕಲ್ಲು, ಬೀಜ ಎಲ್ಲೋ ಬಿರುಕಿನಲ್ಲಿ. ವಾರವೆಲ್ಲ ನಾನು ಪಾಲಿಶ್ ಮಾಡುತ್ತಿದ್ದ ಕಲ್ಲಿನ ಮೈಮೇಲೆ ಇಷ್ಟೆಲ್ಲ ಇರುತ್ತದೆ ಎಂದು ಕಾರ್ಖಾನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹತ್ತಿರದ ಚಿತ್ರಕ್ಕೆ ಬೇರೆ ಲೆನ್ಸ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಇದ್ದ ಲೆನ್ಸನ್ನೇ ಬಿಚ್ಚಿ, ತಿರುಗಿಸಿ, ಕ್ಯಾಮೆರಾದ ಬಾಯಿಗೆ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಉಲ್ಟಾ ಹಿಡಿದ ಲೆನ್ಸು ಹೂವನ್ನು ದೊಡ್ಡದು ಮಾಡುತ್ತದೆ. ಆದರೆ ಉಸಿರಾಡಿದರೆ ಸಾಕು, ಫೋಕಸ್ ತಪ್ಪುತ್ತದೆ. ಉಸಿರಿಗೇ ಕಷ್ಟಪಡುವ ಮನುಷ್ಯ ಉಸಿರು ಬಿಗಿಹಿಡಿದು, ಹೊಟ್ಟೆಯ ಮೇಲೆ ಮಲಗಿ, ಬಂಡೆಗೆ ಮೊಣಕೈ ಊರಿ ಕಾಯುತ್ತಿದ್ದರು. ಮೂವತ್ತಾರು ಚಿತ್ರಗಳ ರೋಲು, ಒಂದೊಂದಕ್ಕೂ ಲೆಕ್ಕ. ಅವರು ಬೆಟ್ಟಕ್ಕೆ ಕೊಟ್ಟಷ್ಟು ಗಮನವನ್ನು ಮನುಷ್ಯರು ಮನುಷ್ಯರಿಗೂ ಕೊಡುವುದನ್ನು ನಾನು ಹೆಚ್ಚು ಕಂಡಿಲ್ಲ.

ಒಂದು ಚಳಿಗಾಲದ ಬೆಳಗು ಮುತ್ಯಾಲಮಡುವಿನಾಚೆ ಹಳ್ಳದಲ್ಲಿ ನಡೆಯುತ್ತಿದ್ದೆವು. ಮುಂದೆ ಹೋಗುತ್ತಿದ್ದ ಮಣಿ ನಿಂತಿತು. ಬೊಗಳಲಿಲ್ಲ. ಬೆನ್ನಿನ ಕೂದಲು ನೆಟ್ಟಗಾಯಿತು. ಸಾರ್ ಒಂದು ಮಾತೂ ಆಡದೆ ಅದರ ಕೊರಳಪಟ್ಟಿಗೆ ಹಗ್ಗ ಹಾಕಿ ಬಂದ ದಾರಿಗೆ ಹೊರಳಿದರು. ರಸ್ತೆಗೆ ಬಂದ ಮೇಲೆ ಬಿದಿರು ಮುರಿಯುವ ಸದ್ದು ಕೇಳಿಸಿತು. ಅದು ಬನ್ನೇರುಘಟ್ಟದಿಂದ ತಳಿಯ ಕಾಡಿಗೂ ಮುಂದೆ ಕಾವೇರಿ ಕಣಿವೆಗೂ ಆನೆಗಳು ಓಡಾಡುವ ದಾರಿ. ‘ನಾಯಿ ಆನೆಯನ್ನ ಕೆಣಕಿ ಓಡಿ ಬರೋದು ಯಾರ ಹತ್ರ? ನಮ್ಮ ಹತ್ರಾನೇ’ ಎಂದರು. ಅವತ್ತು ಒಂದು ಫೋಟೊವೂ ಇಲ್ಲದೆ ಮನೆಗೆ ಬಂದೆವು.

ನಾಯಿ ಜೊತೆ ಕಾಡು ಸುತ್ತುವುದೆಂದರೆ ನನ್ನ ತಲೆಮಾರಿನ ಓದುಗರಿಗೆ ತೇಜಸ್ವಿಯವರ ನಾಯಿ ‘ಕಿವಿ’ಯೇ ನೆನಪಾಗುವುದು. ಆ ಒಡನಾಟದ ಸುಖ ನನಗೆ ಗೊತ್ತು. ಆದರೂ ಈಗ ರಾಷ್ಟ್ರೀಯ ಉದ್ಯಾನಕ್ಕಾಗಲಿ ಅಭಯಾರಣ್ಯಕ್ಕಾಗಲಿ ನಾಯಿ ಒಯ್ಯುವಂತಿಲ್ಲವೆಂಬ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಣಿ ಗೌಜಲಕ್ಕಿ ಎಬ್ಬಿಸುತ್ತಿತ್ತು, ಮೊಲದ ಬೆನ್ನು ಹತ್ತುತ್ತಿತ್ತು; ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ನಾಯಿಯ ವಾಸನೆಯೇ ಸಾಕು. ರೋಗದ ಮಾತು ಬೇರೆ. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಕಾರಣಗಳಲ್ಲೊಂದಾಗಿ ಸಿಕ್ಕಿದ್ದು ಕೆನೈನ್ ಡಿಸ್ಟೆಂಪರ್, ನಾಯಿಗಳಲ್ಲಿ ಸಾಮಾನ್ಯವಾದ ವೈರಸ್ಸು. ಈಗ ಚಂದಾಪುರದ ಅಪಾರ್ಟ್‌ಮೆಂಟುಗಳ ಹುಡುಗರು ಶನಿವಾರ ಕಾರಿನಲ್ಲಿ ಲ್ಯಾಬ್ರಡಾರ್ ಕೂರಿಸಿಕೊಂಡು ಹೊರಟಾಗ, ಕಾಡಂಚು ಬಿಟ್ಟು ಊರ ಪಕ್ಕದ ಗುಡ್ಡಕ್ಕೆ ಹೋಗಿ, ಹಗ್ಗ ಬಿಚ್ಚಬೇಡಿ ಎಂದು ಹೇಳುತ್ತೇನೆ.

ಆದರೆ ಊರ ಪಕ್ಕದ ಗುಡ್ಡಗಳೇ ಎಷ್ಟು ಉಳಿದಿವೆ? ಸಾರ್ ಬಗ್ಗೆ ನಾನು ಬೇರೆಯಾಗಿ ಯೋಚಿಸತೊಡಗಿದ್ದು ಇಲ್ಲಿಂದ.

ಫ್ರೇಮಿನೊಳಗೆ ಏನಿರಬಾರದು ಎಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಕರೆಂಟು ಕಂಬ ಬರಬಾರದು, ಹೆಂಚಿನ ಮನೆ ಬಂದರೂ ಬರಬಹುದು, ಕ್ವಾರಿ ಮಾತ್ರ ಎಂದಿಗೂ ಬರಬಾರದು. ಎಡಕ್ಕೆ ಅರ್ಧ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿರುತ್ತಿದ್ದರು; ಸಾರ್ ಬಲಕ್ಕೆ ಸರಿದು, ಒಂದು ಕೊಂಬೆಯನ್ನು ಅಡ್ಡ ತಂದು, ಕಾಯ್ದು ಕ್ಲಿಕ್ಕಿಸುತ್ತಿದ್ದರು. ಪ್ರಿಂಟು ಬಂದಾಗ ಬೆಟ್ಟ ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ಕಾಣುತ್ತಿತ್ತು. ನಮ್ಮನ್ನು ಅಲ್ಲಿಗೆ ತಂದಿಳಿಸಿದ್ದು ಕ್ವಾರಿ ಲಾರಿ, ನಮ್ಮ ಸಂಬಳ ಬರುತ್ತಿದ್ದುದು ಕ್ವಾರಿ ಕಲ್ಲಿನಿಂದ. ಆ ಸಂಗತಿ ಒಂದು ಚಿತ್ರದಲ್ಲೂ ಇಲ್ಲ. ಹೀಗಾಗಿಯೇ ಇವತ್ತು ಅವು ಯಾವ ಬೆಟ್ಟಗಳೆಂದು ಗುರುತು ಸಿಗುವುದಿಲ್ಲ. ಅವುಗಳಲ್ಲಿ ಯಾವುದು ಇನ್ನೂ ಇದೆ, ಯಾವುದು ಸ್ಲ್ಯಾಬಾಗಿ ಹಡಗು ಹತ್ತಿತು ಎಂದೂ ಆ ಚಿತ್ರಗಳು ಹೇಳಲಾರವು.

ಮಣಿಯ ಫೋಟೊಗಳ ಕತೆ ಬೇರೆ. ರೋಲಿನ ಕೊನೆಗೆ ಒಂದೆರಡು ಉಳಿದರೆ ‘ಮಣಿದೊಂದು ಹೊಡಿ’ ಎನ್ನುತ್ತಿದ್ದರು, ಅಲ್ಲಿ ಯಾರೂ ಫ್ರೇಮು ನೋಡುತ್ತಿರಲಿಲ್ಲ. ಹಾಗಾಗಿ ಮಣಿಯ ಹಿಂದೆ ಎಲ್ಲವೂ ಬಂದಿದೆ. ಒಂದರಲ್ಲಿ ಅದು ಕೂತಿರುವ ಬಂಡೆಯ ಅಂಚಿನಲ್ಲಿ ಸಾಲಾಗಿ ಡ್ರಿಲ್ ಹೊಡೆದ ತೂತುಗಳು. ಜಾಕ್‌ಹ್ಯಾಮರಿನಿಂದ ಕೊರೆದು ಬೆಣೆ ಇಟ್ಟು ಕಲ್ಲು ಸೀಳುವ ಗೆರೆ ಅದು. ಆ ತೂತುಗಳ ಪಕ್ಕದಲ್ಲೇ, ಮಣಿಯ ಮುಂಗಾಲಿನ ಹತ್ತಿರ, ನೇರಳೆ ಹೂವಿನ ತೇಪೆ. ಇನ್ನೊಂದರಲ್ಲಿ ಡೆರಿಕ್ ಕ್ರೇನು, ಲಾರಿಯ ನಂಬರು, ಟಾರ್ಪಾಲಿನ ಗುಡಿಸಲು, ಅದರ ಬಾಗಿಲಲ್ಲಿ ಮಗು ಎತ್ತಿಕೊಂಡ ಹೆಂಗಸು. ಮತ್ತೊಂದು ನಮ್ಮ ಚಂದಾಪುರ ಕೆರೆಯದು. ಮಣಿ ಈಜಿ ದಡಕ್ಕೆ ಬರುತ್ತಿದೆ, ನೀರಿನಲ್ಲಿ ಅದರ ನೆರಳು ಸ್ಪಷ್ಟವಾಗಿದೆ. ಆ ಕೆರೆಗೆ ಕಾರ್ಖಾನೆ ನೀರು, ಮನೆಗಳ ಕೊಳಚೆ ಬಂದು ಸೇರಿದ್ದರ ಕತೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸುವ ತನಕ ಹೋಯಿತು. ಕೆರೆ ಒಂದು ಕಾಲಕ್ಕೆ ಹೇಗಿತ್ತು ಎಂದು ನನ್ನ ಮಕ್ಕಳಿಗೆ ತೋರಿಸಲು ನನ್ನ ಬಳಿ ಇರುವುದು ಆ ನಾಯಿಯ ಫೋಟೊ ಒಂದೇ.

ನಮ್ಮ ಕಡೆಯ ಕಲ್ಲು ಎಳೆಯದಲ್ಲ. ಲಾಲ್‌ಬಾಗಿನ ಬಂಡೆಯ ಬಳಗದ ನೈಸ್ ಶಿಲೆ ಸುಮಾರು 300 ಕೋಟಿ ವರ್ಷದ್ದು. ರಾಮನಗರ, ಸಾವನದುರ್ಗದ ಕ್ಲೋಸ್‌ಪೇಟೆ ಗ್ರಾನೈಟು 250 ಕೋಟಿ ವರ್ಷದ ಆಸುಪಾಸಿನದು. ಪಹಣಿಯಲ್ಲಿ ಇಂಥ ಹಾಸುಬಂಡೆಗಳು ಸಾಗುವಳಿಗೆ ಬಾರದ ಖರಾಬು ಎಂದು ನಮೂದಾಗಿರುತ್ತವೆ. ಬೆಳೆ ಇಲ್ಲ, ಮರ ಇಲ್ಲ, ಆದ್ದರಿಂದ ಕೊರೆಯಲು ಕೊಟ್ಟರೆ ನಷ್ಟವಿಲ್ಲವೆಂಬ ಲೆಕ್ಕ. ರಾಮದೇವರ ಬೆಟ್ಟಕ್ಕೆ 2012ರಲ್ಲಿ ರಣಹದ್ದುಗಳ ಧಾಮವೆಂಬ ರಕ್ಷಣೆ ಸಿಕ್ಕಿತು, ಏಕೆಂದರೆ ಅದರ ಕಡಿಬಂಡೆಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಮಾಡುತ್ತದೆ. ವರ್ಷದಲ್ಲಿ ಕೆಲವೇ ವಾರ ಕಾಣುವ ಬೆರಳುದ್ದದ ಗಿಡಕ್ಕಾಗಿ ಒಂದು ಬಂಡೆಯನ್ನು ಯಾರು ಉಳಿಸುತ್ತಾರೆ? ಉಳಿಸಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದಕ್ಕೆ ಸಾಕ್ಷಿಯಾಗಿ ಬೇಕಾದದ್ದು ಕ್ವಾರಿಯೂ ಹೂವೂ ಒಟ್ಟಿಗೆ ಇರುವ ಚಿತ್ರ, ಸಾರ್ ತೆಗೆಯಲು ಒಪ್ಪದಿದ್ದ ಚಿತ್ರ. ಈ ಮಾತಿನಲ್ಲಿ ನಾನು ಅವರ ಶಿಷ್ಯನಲ್ಲ.

ಅವರು ಯಾಕೆ ಒಪ್ಪುತ್ತಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಗಣಿ ಮುಚ್ಚಿದ ವರ್ಷ. 2001ರ ಫೆಬ್ರವರಿ ಕೊನೆಗೆ ಚಿನ್ನದ ಗಣಿಗೆ ಬೀಗ ಬಿತ್ತು. ಆ ಮಳೆಗಾಲದಲ್ಲಿ ಒಂದು ಶನಿವಾರ ಸಾರ್, ‘ನಮ್ಮೂರಿಗೆ ಹೋಗಿ ಬರೋಣ’ ಎಂದರು. ಕುಪ್ಪಂ ಕಡೆಗೆ ಹೊರಟ ಲಾರಿ ನಮ್ಮನ್ನು ಬಂಗಾರಪೇಟೆಯಲ್ಲಿ ಇಳಿಸಿತು. ಮಣಿಗೆ ಆಗಲೇ ವಯಸ್ಸಾಗಿತ್ತು, ಲಾರಿಯಿಂದ ಎತ್ತಿ ಇಳಿಸಬೇಕಾಯಿತು.

ಕೋಲಾರ ಗಣಿಯನ್ನು ಈಗ ಜನ ಸಿನಿಮಾದಿಂದ ಬಲ್ಲರು. ಅಲ್ಲಿನ ಬೂದು ಗುಡ್ಡಗಳ ಮೇಲೆಯೇ ಚಿತ್ರೀಕರಣ ನಡೆದು 2018ರಲ್ಲಿ ದೇಶವೆಲ್ಲ ನೋಡಿತು. ಅವು ಬೆಟ್ಟಗಳಲ್ಲ. ಚಿನ್ನ ತೆಗೆಯಲು ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ತೊಳೆದು, ಉಳಿದ ಗಸಿಯನ್ನು ನೂರು ವರ್ಷಕ್ಕೂ ಮೀರಿ ಸುರಿದದ್ದು. ಮೂರು ಕೋಟಿ ಟನ್ನಿಗೂ ಮಿಕ್ಕಿದ್ದು. ಊರಿನವರು ಸೈನೈಡ್ ಗುಡ್ಡ ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ಅದರ ಧೂಳು ಮನೆಗಳ ಅನ್ನದ ತಟ್ಟೆಗೂ ಬರುತ್ತಿತ್ತಂತೆ. ಸಾರ್ ಹುಟ್ಟಿ ಬೆಳೆದ ಲೈನುಮನೆಯ ಬಾಗಿಲು ತೆರೆದರೆ ಕಾಣುತ್ತಿದ್ದುದು ಅದೇ. ‘ಸ್ಕೂಲಲ್ಲಿ ಬೆಟ್ಟದ ಚಿತ್ರ ಬರಿ ಅಂದ್ರೆ ಎಲ್ಲಾ ಹುಡುಗ್ರೂ ಇದನ್ನೇ ಬರೀತಿದ್ವಿ ತಂಬಿ, ಬೂದು ಬಣ್ಣ ಹಾಕಿ’ ಎಂದರು. ಅಪ್ಪ ಚಾಂಪಿಯನ್ ರೀಫ್ ಶಾಫ್ಟಿನಲ್ಲಿ ಇಳಿಯುತ್ತಿದ್ದವರು. ಮೂರು ಕಿಲೋಮೀಟರಿಗೂ ಆಳ, ಕೈಯಿಟ್ಟರೆ ಬಿಸಿ ಎನಿಸುವ ಕಲ್ಲು.

ಗುಡ್ಡದ ನೆತ್ತಿಗೆ ನಾವು ನಿಧಾನವಾಗಿ ಹತ್ತಿದೆವು. ಮಳೆ ಬಿದ್ದು ಗಟ್ಟಿಯಾದ ಗಸಿಯಲ್ಲಿ ಕಾಲು ಹುಗಿಯುತ್ತಿರಲಿಲ್ಲ. ಮೇಲಿಂದ ಶಾಫ್ಟುಗಳ ಚಕ್ರಗೋಪುರಗಳು ಕಂಡವು, ಯಾವುದೂ ತಿರುಗುತ್ತಿರಲಿಲ್ಲ. ಸಾರ್ ಕ್ಯಾಮೆರಾ ತೆಗೆದರು. ಅಭ್ಯಾಸದಂತೆ ನಾನು ಪಕ್ಕಕ್ಕೆ ಸರಿದು, ‘ಇಲ್ಲಿಂದ ಗೋಪುರ ಬರಲ್ಲ ಸಾರ್, ಬರಿ ಆಕಾಶ ಸಿಗುತ್ತೆ’ ಎಂದೆ. ಅವರು ಕದಲಲಿಲ್ಲ. ಗೋಪುರ, ಲೈನುಮನೆಗಳ ತಗಡು, ಬೂದು ಇಳಿಜಾರು, ಎಲ್ಲವನ್ನೂ ಒಳಗಿಟ್ಟು, ನಡುವೆ ಮಣಿಯನ್ನು ಕೂರಿಸಿ, ಮೂರು ಸಲ ಒತ್ತಿದರು.

‘ಇದೊಂದಕ್ಕೆ ಬೇರೆ ಕಡೆ ತಿರುಗಿದ್ರೆ ನಮ್ಮಪ್ಪ ಎಲ್ಲಿ ಹೋಗ್ಬೇಕು?’ ಎಂದರು.

ಗಣಿಯನ್ನು ಕಣ್ಣಿಂದ ಹೊರಗಿಡಲು ವಾರಕ್ಕೊಂದು ದಿನವಾದರೂ ಬೇಕಿದ್ದ ಮನುಷ್ಯ ಅವರು. ನಮ್ಮ ಕಡೆಯ ಬೆಟ್ಟಗಳಲ್ಲಿ ಕ್ವಾರಿ ಬಿಟ್ಟು ಉಳಿದದ್ದನ್ನಷ್ಟೇ ನೋಡಿದರು, ತಮ್ಮೂರಲ್ಲಿ ಅದು ಸಾಧ್ಯವಾಗಲಿಲ್ಲ. ಆ ಮೂರು ಚಿತ್ರಗಳೂ ಮೊಮ್ಮಗಳು ಕಳಿಸಿದ ಕಂತೆಯಲ್ಲಿವೆ. ನನಗೆ ಅವರ ಎಲ್ಲ ಹೂಗಳಿಗಿಂತ, ಮಂಜು ಮುಸುಕಿದ ಎಲ್ಲ ಶಿಖರಗಳಿಗಿಂತ ಅವೇ ಹೆಚ್ಚು.

ಗುಡ್ಡದ ಇಳಿಜಾರಿನಲ್ಲಿ ಅವರಿಗೆ ಮತ್ತೆ ಉಸಿರು ಕಟ್ಟಿತು. ಕೂತರು. ರೂಢಿಯಂತೆ ಸುತ್ತ ನೆಲ ನೋಡಿದರು. ಗಸಿಯಲ್ಲಿ ಏನೂ ಬೆಳೆದಿರಲಿಲ್ಲ. ಕೆಳಗೆ, ಗುಡ್ಡ ಮುಗಿದು ಮಣ್ಣು ಶುರುವಾಗುವ ಕಡೆ, ತಂಗಡಿ ಗಿಡಗಳು ಹಳದಿಯಾಗಿ ನಿಂತಿದ್ದವು. ರೋಲಿನಲ್ಲಿ ಇನ್ನೂ ಚಿತ್ರಗಳಿದ್ದವು. ಅವರು ಎದ್ದು, ಲೆನ್ಸು ಬಿಚ್ಚಿ ತಿರುಗಿಸಿಕೊಂಡು, ಅತ್ತ ನಡೆದರು. ಮಣಿಯೂ ನಾನೂ ಹಿಂದೆ ಹೋದೆವು.